ಗ್ರೀನ್ ಕರಿಯಲ್ಲಿ ಇಂಗು

ಗಂಭೀರವಾದ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಥಾಯ್ ಗ್ರೀನ್ ಕರಿಗೆ ಇಂಗು ಹಾಕಬಾರದು.

ನಗಬೇಡಿ. ಈ ಒಂದು ಮಾತಿಗಾಗಿ ಭಿವಂಡಿಯ ಗೋದಾಮಿನಲ್ಲಿ ನನ್ನ ಕತ್ತು ಹಿಡಿದು, ಮೂಗನ್ನು ನೀಲಿ ಡ್ರಮ್ಮಿನ ಬಾಯಿಗೆ ತಂದಿದ್ದರು. ಒಳಗೆ ಕುತ್ತಿಗೆಯವರೆಗೆ ಹಸಿರು ಮಸಾಲೆ. ಇನ್ನೆರಡು ಇಂಚು ಬಗ್ಗಿದ್ದರೆ ನಾನೂ ಮೆನುವಿಗೆ ಸೇರುತ್ತಿದ್ದೆ.

"ಮೂಸು," ಎಂದ ಹಿತೇಶ್. ಗೋದಾಮಿನ ಮಾಲೀಕ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥ ನಗು. "ಬ್ಯಾಂಕಾಕಿನ ವಾಸನೆ ಅನ್ನು. ಬಿಟ್ಟುಬಿಡ್ತೇನೆ."

"ಇಂಗು," ಎಂದೆ.

ಕತ್ತಿನ ಮೇಲಿನ ಕೈ ಇನ್ನೊಂದು ಇಂಚು ಒತ್ತಿತು.

ಇಲ್ಲಿಗೆ ಹೇಗೆ ಬಂದೆ ಅಂತ ಕೇಳ್ತೀರಿ. ಹೇಳ್ತೇನೆ.

ನಾನು ಯಶ್ವಂತ್. ಹೋಟೆಲಿನವರ ಲಫಡಾ ಬಿಡಿಸುವುದು ನನ್ನ ಕಸುಬು. ಓಡಿಹೋದ ಅಡುಗೆಯವ, ಕೈಕೊಟ್ಟ ಪಾರ್ಟ್ನರ್, ನೀರು ಬಿಡದ ಸೊಸೈಟಿ... ವಿಸಿಟಿಂಗ್ ಕಾರ್ಡ್ ಇಲ್ಲ. ಬೇಕಾದವರ ಹತ್ತಿರ ನಂಬರ್ ಉಂಟು.

ಸೋಮವಾರ ತಾರಾನಾಥಣ್ಣ ಕರೆಸಿದ. ಡೊಂಬಿವಲಿ ಸ್ಟೇಷನ್ ಪಕ್ಕ ಮೂವತ್ತೆಂಟು ವರ್ಷದಿಂದ ಅವನ ಇಡ್ಲಿ ಹೋಟೆಲು.

"ನಮ್ಮ ಹುಡುಗ ಅಕ್ಷಿತ್‌ಗೆ ಹುಚ್ಚು ಹಿಡಿದಿದೆ ಮಾರಾಯ. ಹೋಟೆಲು ಮುಚ್ಚಿ ಥಾಯ್ ಶುರು ಮಾಡ್ತಾನಂತೆ. ಹಿತೇಶನ ಫ್ರಾಂಚೈಸಿ. ಮಸಾಲೆ ವಾರಕ್ಕೊಮ್ಮೆ ಬ್ಯಾಂಕಾಕಿನಿಂದ ವಿಮಾನದಲ್ಲಿ ಬರ್ತದಂತೆ. ಶನಿವಾರ ಸಹಿ."

"ಆಗೋದಿಲ್ಲ ಅನ್ನಿ."

"ಅಂದೆ. ಎರಡು ತಿಂಗಳು ಮಾತು ಬಿಟ್ಟ. ಕೊನೆಗೆ ಸೋತು ಮಾತು ಕೊಟ್ಟೆ. ಠಾಣೆ, ಕಲ್ಯಾಣ, ನವಿ ಮುಂಬಯಿ, ಎಲ್ಲಾದರೂ ಒಂದು ಒಳ್ಳೆ ಥಾಯ್ ಹೋಟೆಲು ಇದ್ದರೆ ಸಹಿ ಹಾಕ್ತೇನೆ ಅಂತ. ತಿಂದು ನೋಡುವವ ನೀನು."

ಅಡುಗೆಮನೆಯಿಂದ ಮಗ ಬಂದ. ಇಲ್ಲೇ ಹುಟ್ಟಿದವನು. ಕನ್ನಡ ಕಿವಿಗೆ ಹೋಗುತ್ತದೆ, ಬಾಯಿಂದ ಹಿಂದಿ ಬರುತ್ತದೆ.

"ಅಂಕಲ್, ಏಕ್ ಬಾರ್ ವೋ ಗ್ರೀನ್ ಕರಿ ಖಾಕೇ ದೇಖೋ. ಉಸ್ ಮೇ ಕುಛ್ ಹೈ. ಪಪ್ಪಾ ಕೇ ಸಾಂಬಾರ್ ಮೇ ವೋ ನಹೀ ಹೈ."

ಅಪ್ಪನ ಸಾಂಬಾರಿನಲ್ಲಿ ಇಲ್ಲದ್ದು ಏನೋ ಅದರಲ್ಲಿದೆಯಂತೆ. ತಾರಾನಾಥಣ್ಣ ಗಲ್ಲಾಪೆಟ್ಟಿಗೆಯನ್ನು ದಡಕ್ಕನೆ ಮುಚ್ಚಿದ.

ಅವನ ಸಾಂಬಾರು ಬಾಯಿಗಿಟ್ಟು ನೋಡಿದೆ. ಹುಡುಗ ಹೇಳಿದ್ದು ಸುಳ್ಳಲ್ಲ. ಬಿಸಿ ಇತ್ತು, ಹಳದಿ ಇತ್ತು. ಅಷ್ಟೇ ಇತ್ತು.

"ವಾಸು ಎಲ್ಲಿ?"

ಇಪ್ಪತ್ತೆರಡು ವರ್ಷ ಆ ಒಲೆಯ ಮುಂದೆ ನಿಂತವನು ವಾಸು.

"ಬಿಟ್ಟು ಹೋದ. ಪ್ಯಾಕೆಟ್ ಪುಡಿ ತರಿಸಿದೆ, ಅವನಿಗೆ ಸಿಟ್ಟು. ಪುಡಿ ಪ್ಯಾಕೆಟಿನಲ್ಲಿ ಬರುವುದಾದರೆ ನಾನು ಯಾಕೆ ಅಂದ. ಹೋಗು ಅಂದೆ." ತಾರಾನಾಥಣ್ಣ ರಸ್ತೆಯ ಕಡೆ ನೋಡಿದ. "ಎರಡು ವರ್ಷ ಆಯ್ತು."

ನನ್ನ ಯೋಗ್ಯತೆ ಏನು ಅಂತ ನೀವು ಕೇಳಬಹುದು. ಹರೆಯದಲ್ಲಿ ಬ್ಯಾಂಕಾಕಿನಲ್ಲಿ ಮೂರು ವರ್ಷ ಪಾತ್ರೆ ತೊಳೆದಿದ್ದೇನೆ. ತಳಕ್ಕೆ ಅಂಟಿದ್ದರಿಂದ ರುಚಿ ಕಲಿತವನು.

ನಾಲ್ಕು ದಿನ. ಒಂಬತ್ತು ಹೋಟೆಲು.

ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಬಾಗಿಲಿಗೇ ಬುದ್ಧ. ನೆತ್ತಿಯಿಂದ ಕಾರಂಜಿ. ಹುಳಿಸಾರಿನಲ್ಲಿ ಪನೀರ್ ತೇಲುತ್ತಿತ್ತು. ನಿಂಬೆಹುಲ್ಲು ಇದೆಯಾ ಅಂದೆ. ವೇಟರ್ ಗ್ರೀನ್ ಟೀ ತಂದ.

ವಾಶಿಯಲ್ಲಿ ಪಾಡ್ ಥಾಯ್. ಹಕ್ಕಾ ನೂಡಲ್ಸಿನ ಮೇಲೆ ಶೇಂಗಾ ಪುಡಿ. ಹಲ್ಲಿಗೆ ಬೆಲ್ಲ ಸಿಕ್ಕಿತು. ಚಿಕ್ಕಿ ಕುಟ್ಟಿ ಹಾಕಿದ್ದರು.

ಖಾರ್‌ಘರಿನಲ್ಲಿ ಹಸಿ ಪಪ್ಪಾಯಿಯ ಸಲಾಡ್ ಕೇಳಿದೆ. ಹಣ್ಣು ಬಂತು. ಮೇಲೆ ಚಾಟ್ ಮಸಾಲೆ.

ಕಲ್ಯಾಣದಲ್ಲಿ ಅನಾನಸ್ ಅನ್ನಕ್ಕೆ ಟೂಟಿ ಫ್ರೂಟಿ. ಬದುಕಿನಲ್ಲಿ ಬಹಳ ಜನರನ್ನು ಕ್ಷಮಿಸಿದ್ದೇನೆ. ಆ ಅಡುಗೆಯವನನ್ನು ಕ್ಷಮಿಸಲಾರೆ.

ಆದರೆ ಗ್ರೀನ್ ಕರಿ...

ಒಂಬತ್ತೂ ಕಡೆ ಒಂದೇ. ಒಂದರ ಹಾಗೆ ಇನ್ನೊಂದು ಅಲ್ಲ, ಒಂದೇ. ತೆಂಗಿನಹಾಲು, ಹಸಿಮೆಣಸು, ಕೊತ್ತಂಬರಿ. ಎಲ್ಲದರ ಹಿಂದೆ ಗಂಟಲಿನಲ್ಲಿ ಕೂತು ಕೆಮ್ಮುವ ಅಜ್ಜನ ಹಾಗೆ ಇಂಗು. ಗಟ್ಟಿ ಇಂಗು, ನೀರಿನಲ್ಲಿ ನೆನೆಸಿ ಹಾಕಿದ್ದು. ಥಾಯ್ ಜನ ಕನಸಿನಲ್ಲೂ ಅದನ್ನು ಹಾಕುವುದಿಲ್ಲ. ಉಡುಪಿ ಕಡೆಯ ಕೈ ಮಾತ್ರ, ಯಾರನ್ನೂ ಕೇಳದೆ ಹಾಕುತ್ತದೆ.

ನಾಚಿಕೆಯ ವಿಷಯ ಏನೆಂದರೆ, ಬಟ್ಟಲು ಖಾಲಿ ಮಾಡಿದ್ದೆ.

ಶುಕ್ರವಾರ ಬೆಳಿಗ್ಗೆ ಕಲ್ಯಾಣದ ಆ ಹೋಟೆಲಿನ ಹಿಂದೆ ನಿಂತೆ. ಒಂದು ಟೆಂಪೋ ಬಂತು. ನೀಲಿ ಡ್ರಮ್ಮು ಇಳಿಸಿತು, ಹೊರಟಿತು. ರಿಕ್ಷಾದಲ್ಲಿ ಬೆನ್ನು ಹತ್ತಿದೆ. ಭಿವಂಡಿ. ಮಗ್ಗಗಳ ಖಟಖಟದ ನಡುವೆ ಒಂದು ಗೋದಾಮು. ಹಿಂಬಾಗಿಲು ತೆರೆದಿತ್ತು.

ಒಳಗೆ ಒಲೆ, ಬಾಣಲೆ, ಗ್ರೈಂಡರ್. ಅದರ ಮುಂದೆ ಪಂಚೆ ಎತ್ತಿಕಟ್ಟಿ ನಿಂತಿದ್ದವನು ವಾಸು.

"ಯಶ್ವಂತಣ್ಣ? ನೀವು ಎಲ್ಲಿಂದ?"

"ಇದೇನಾ ಥಾಯ್, ವಾಸು?"

"ಹಿತೇಶಣ್ಣ ಫೋನಿನಲ್ಲಿ ವಿಡಿಯೋ ತೋರಿಸಿದ್ರು. ಹಾಗೇ ಮಾಡಿದೆ. ಸಪ್ಪೆ ಆಯ್ತು." ತಲೆ ತಗ್ಗಿಸಿದ. "ಕೈ ಸುಮ್ಮನೆ ಕೂರ್ಲಿಲ್ಲ."

"ನಿನ್ನ ಈ ಮಸಾಲೆಗೆ ತಾರಾನಾಥಣ್ಣನ ಹೋಟೆಲು ನಾಳೆ ಮುಚ್ತದೆ. ಗೊತ್ತುಂಟಾ?"

ಸೌಟು ನಿಂತಿತು. ಅವನಿಗೆ ಗೊತ್ತಿರಲಿಲ್ಲ.

ಆಗ ಹಿಂದಿನಿಂದ ಕತ್ತಿಗೆ ಕೈ ಬಿತ್ತು. ಹಿತೇಶನ ಆಳು ಸೈದಪ್ಪ. ಯಾದಗಿರಿ ಕಡೆಯವನು, ಬಾಗಿಲಿನಷ್ಟು ಅಗಲ. ಮುಂದಿನದು ನಿಮಗೆ ಗೊತ್ತು. ಡ್ರಮ್ಮು. ಮೂಗು.

"ಇದು ವಾಸುವಿನ ಕೈ ಹಿತೇಶ್," ಎಂದೆ, ಡ್ರಮ್ಮಿನ ಒಳಗೆ.

"ಡ್ರಮ್ಮಿನ ಮೇಲೆ ಬ್ಯಾಂಕಾಕ್ ಶೆಫ್ ಅಂತ ಉಂಟು. ಇಲ್ಲಿ ವಾಸು ಅಂತ ಯಾರೂ ಇಲ್ಲ."

ಅದೊಂದು ಮಾತು ಅವನು ಆಡಬಾರದಿತ್ತು.

ರೆಡ್ ಕರಿಗೆ ಅಂತ ಒಂದು ಗೋಣಿ ಒಣಮೆಣಸು ಪಕ್ಕದಲ್ಲಿತ್ತು. ವಾಸು ಅದನ್ನು ಎತ್ತಿ ಕಾದ ಬಾಣಲೆಗೆ ಸುರಿದ. ಅಷ್ಟೂ.

ಘಾಟು ಎದ್ದಿತು. ಹಿತೇಶ್ ಗೋಡೆಗೆ ಒರಗಿ ಕೆಮ್ಮಿದ. ಸೈದಪ್ಪ ನನ್ನ ಕತ್ತು ಬಿಟ್ಟು ತನ್ನ ಕಣ್ಣು ಹಿಡಿದ. ನನಗೆ ಉಸಿರು ಕಟ್ಟಿತು. ವಾಸು ಒಬ್ಬನೇ ಕೆಮ್ಮಲಿಲ್ಲ. ಒಂದು ಡಬ್ಬಿ ಮಸಾಲೆ ತುಂಬಿಕೊಂಡ, ನನ್ನ ರಟ್ಟೆ ಹಿಡಿದ, ನಡೆಸಿಕೊಂಡು ಹೊರಬಂದ.

ರಿಕ್ಷಾ ಇನ್ನೂ ನಿಂತಿತ್ತು. ಠಾಣೆ ಸ್ಟೇಷನ್ನಿಗೆ ಬಿಡು ಅಂದೆ, ಅಲ್ಲಿಂದ ಲೋಕಲ್ ಹಿಡಿದರಾಯ್ತು. ಹೊಂಡ, ಟ್ರಕ್ಕು, ಹೊಂಡ. ಹಿಂದೆ ಹಿತೇಶನ ಕಪ್ಪು ಕಾರು. ಇನ್ನೂರು ಅಡಿ... ನೂರು... ಐವತ್ತು...

ಠಾಣೆಯ ಮಾಜಿವಾಡಾ ಜಂಕ್ಷನ್ ಬಂತು.

ಮಾಜಿವಾಡಾದಲ್ಲಿ ಯಾರೂ ಯಾರನ್ನೂ ಬೆನ್ನಟ್ಟಲಾರರು. ಎಲ್ಲರೂ ನಿಲ್ಲುತ್ತಾರೆ.

ಹತ್ತು ನಿಮಿಷ ಯಾವ ಗಾಲಿಯೂ ಉರುಳಲಿಲ್ಲ. ಕೊನೆಗೆ ಕಾರಿನ ಬಾಗಿಲು ತೆರೆಯಿತು. ಸೈದಪ್ಪ ಇಳಿದು, ಬೆವರು ಒರೆಸುತ್ತ, ವಾಹನಗಳ ಸಂದಿಯಲ್ಲಿ ನಡೆದುಕೊಂಡು ಬಂದ. ರಿಕ್ಷಾದೊಳಗೆ ತಲೆ ತೂರಿಸಿದ. ಕಣ್ಣು ಇನ್ನೂ ಕೆಂಪು.

"ಡಬ್ಬಿ ಕೊಡ್ರಿ ಯಣ್ಣಾ. ಸುಮ್ನ ಕೈ ಮಾಡೂದು ಬ್ಯಾಡ."

"ತಗೋ," ಎಂದೆ. "ಮೊದಲು ಬೆರಳು ಅದ್ದಿ ರುಚಿ ನೋಡು."

ನೆಕ್ಕಿದ. ಮುಖ ಕಿವುಚಿದ. "ಥೂ. ಇದಕ್ಕ ಮಂದಿ ಪಾಳಿ ಹಚ್ತಾರೇನ್ರಿ? ರೊಟ್ಟಿಗೂ ಆಗಂಗಿಲ್ಲ." ಆಮೇಲೆ ವಾಸುವಿನ ಕಡೆ ತಿರುಗಿದ. ದನಿ ಇಳಿಯಿತು. "ನೀವು ಹೊಂಟ್ರ ಮಧ್ಯಾಹ್ನ ನನಗ ಊಟಾ ಯಾರು ಹಾಕ್ತಾರ, ವಾಸಣ್ಣ?"

"ಡೊಂಬಿವಲಿಗೆ ಬಾ," ಎಂದ ವಾಸು.

ಸೈದಪ್ಪ ಯೋಚಿಸಿದ. ಅದಕ್ಕೆ ಮಾಜಿವಾಡಾದಲ್ಲಿ ಬೇಕಾದಷ್ಟು ಸಮಯ ಇತ್ತು. ಆಮೇಲೆ ಬೆರಳನ್ನು ಪ್ಯಾಂಟಿಗೆ ಒರೆಸಿ ಕಾರಿನತ್ತ ಹೊರಟ.

"ಸಿಗಲಿಲ್ಲ ಅಂತೀನಿ," ಎಂದ, ತಿರುಗಿ ನೋಡದೆ.

ಡೊಂಬಿವಲಿ. ಸಂಜೆಯ ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಅಕ್ಷಿತ್‌ನ ಮುಂದೆ ಡಬ್ಬಿ ಇಟ್ಟೆ. ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಯಹೀ ಹೈ ಅಂಕಲ್. ಬ್ಯಾಂಕಾಕ್."

"ಬ್ಯಾಂಕಾಕ್ ಹಿಂದೆ ನಿಂತಿದೆ. ನೋಡು."

ಬಾಗಿಲಲ್ಲಿ ವಾಸು, ಚಪ್ಪಲಿ ಕೈಯಲ್ಲಿ ಹಿಡಿದು. ಒಳಗೆ ಬರಲೋ ಬೇಡವೋ ಅನ್ನುವ ಹಾಗೆ.

ಹುಡುಗ ತಿರುಗಿ ನೋಡಿದ. ಶಾಲೆಯಿಂದ ಬಂದು ದಿನಾ ಯಾರ ಕೈಯ ಸಾಂಬಾರಿನಲ್ಲಿ ಇಡ್ಲಿ ಅದ್ದುತ್ತಿದ್ದನೋ, ಆ ಕೈಯನ್ನು ಹುಡುಕಿ ಅವನು ಥಾಯ್‌ಲ್ಯಾಂಡಿನವರೆಗೆ ಹೋಗಿದ್ದ.

ತಾರಾನಾಥಣ್ಣ ಗಲ್ಲಾ ಬಿಟ್ಟು ಎದ್ದ. ಕ್ಷಮಿಸು ಅನ್ನುವ ಅಭ್ಯಾಸ ಅವನಿಗಿಲ್ಲ.

"ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚಬೇಕು," ಎಂದ.

"ಮೊದಲು ಆ ಪ್ಯಾಕೆಟ್ ಹೊರಗೆ ಹೋಗ್ಲಿ," ಎಂದ ವಾಸು.

ಪುಡಿಯ ಪೆಟ್ಟಿಗೆಗಳನ್ನು ಯಜಮಾನನೇ ಎತ್ತಿದ. ಮೂರು ಸಲ ಹೋಗಿ ಬಂದ. ವಾಸು ಒಳಗೆ ಹೋದ, ಕೊತ್ತಂಬರಿ ಹುರಿದ. ಮುಕ್ಕಾಲು ಗಂಟೆಯಲ್ಲಿ ಸಾಂಬಾರು ಬಂತು. ಅಕ್ಷಿತ್ ತಲೆ ಎತ್ತದೆ ತಿಂದ. ಬಟ್ಟಲು ಮುಂದಕ್ಕೆ ಹಿಡಿದ.

"ವಾಸಣ್ಣ, ಇನ್ನೊಂದು ಸೌಟು ಹಾಕಿ."

ಕನ್ನಡದಲ್ಲಿ.

ಶನಿವಾರ ಹಿತೇಶ್ ಕಾಗದ ಹಿಡಿದು ಬಂದ, ಕಾಗದ ಹಿಡಿದು ಹೋದ. ಸೈದಪ್ಪ ಅವನ ಜೊತೆ ಹೋಗಲಿಲ್ಲ. ಎರಡು ಪ್ಲೇಟ್ ಇಡ್ಲಿ ಹೇಳಿ ಕೂತ.

ಒಳ್ಳೆಯ ಥಾಯ್ ಹೋಟೆಲು ಸಿಗಲಿಲ್ಲ.