ಸಿಡಿಯದ ಇಪ್ಪತ್ತು ಗುಂಡು

ಅಕ್ಟೋಬರ್ 14, ಮಂಗಳವಾರ. ಬೆಳಿಗ್ಗೆ 7:25ಕ್ಕೆ ಮಿಸ್ಸೌರಿಯ ಟಾಲ್ಬಿ ಕೌಂಟಿ ಶೆರಿಫ್ ಕಚೇರಿಯ ಬಾಗಿಲು ತಳ್ಳಿಕೊಂಡು ರೋಡಾ ಫಿಂಚಮ್ ಒಳಗೆ ಬಂದಳು. ನಲವತ್ತಮೂರು ವರ್ಷ; ಮನೆಮನೆಗೆ ಹೋಗಿ ರೋಗಿಗಳ ಆರೈಕೆ ಮಾಡುವ ದಾದಿ. ಕೆಳತುಟಿ ಒಡೆದು ಊದಿತ್ತು. ಕಾಲಲ್ಲಿ ಒಂದೇ ಚಪ್ಪಲಿ.

"ಯಾರು ಹೊಡೆದದ್ದು?" ಡಿಟೆಕ್ಟಿವ್ ಸಾರ್ಜೆಂಟ್ ವೆರ್ನಾ ಪ್ರುಯಿಟ್ ಕೇಳಿದಳು.

"ಡ್ವೈಟ್. ನನ್ನ ಮಾಜಿ ಗಂಡ. ಹತ್ರ ಸುಳೀಬಾರ್ದು ಅಂತ ಕೋರ್ಟ್ ಆರ್ಡರ್ ಇದೆ. ಹಿತ್ಲ ಬಾಗ್ಲು ಒದ್ದು ಒಳಗೆ ಬಂದ."

"ಎಷ್ಟು ಹೊತ್ತಿಗೆ?"

"ಆರೂ ಮುಕ್ಕಾಲು. ಅವನ ಕೈಲಿ ಟೈರ್ ಬಿಚ್ಚೋ ಕಬ್ಬಿಣ. ನನ್ನ ಕೈಲಿ ಪಿಸ್ತೂಲು."

"ಹಾರಿಸಿದ್ರಾ?"

"ಹಾರಿಸ್ದೆ ಮೇಡಂ. ಟಿಕ್ ಅಂತು. ಕ್ಲಾಸಲ್ಲಿ ಹೇಳ್ಕೊಟ್ಟ ಹಾಗೇ ಅದನ್ನ ಎಳೆದು ಬಿಸಾಕಿ ಇನ್ನೊಂದು ಏರಿಸ್ದೆ. ಅದೂ ಟಿಕ್." ರೋಡಾ ತುಟಿ ಒರೆಸಿಕೊಂಡಳು. "ಅವನು ನಕ್ಕ. 'ನಿನ್ನ ಪಿಸ್ತೂಲೂ ನಿನ್ನಂಗೇ ಕಣೇ, ಬರೀ ಬಾಯಿ' ಅಂದ."

ಅವಳ ಜೀವ ಉಳಿಸಿದ್ದು ಒಲೆಯ ಮೇಲಿದ್ದ ಕಬ್ಬಿಣದ ಬಾಣಲೆ. ಬೇಕನ್ ಹಂದಿಮಾಂಸದ ಕಾದ ಕೊಬ್ಬಿನ ಸಮೇತ ಅದನ್ನು ಅವನ ಮುಖಕ್ಕೆ ಎಸೆದು ಕಾರಿಗೆ ಓಡಿದ್ದಳು. ಡ್ವೈಟ್ ಹಿತ್ತಿಲ ಕಾಡಿಗೆ ನುಗ್ಗಿ ತಪ್ಪಿಸಿಕೊಂಡಿದ್ದ.

7:50ಕ್ಕೆ ದೂರು ದಾಖಲಾಯಿತು. ಡ್ವೈಟ್‌ನ ಟ್ರಕ್ಕಿನ ನಂಬರು ಸುತ್ತಲಿನ ನಾಲ್ಕು ಕೌಂಟಿಗಳಿಗೆ ಹೋಯಿತು. 9:10ಕ್ಕೆ ವೆರ್ನಾ, ಡೆಪ್ಯುಟಿ ಕೋಲ್ಬಿ ರಾಂಕಿನ್‌ನನ್ನು ಕರೆದುಕೊಂಡು ಅಡುಗೆಮನೆಯ ಮಹಜರಿಗೆ ಹೋದಳು. ಫ್ರಿಜ್ಜಿನ ಕೆಳಗೆ ಒಂದು ಗುಂಡು ಸಿಕ್ಕಿತು. ಅದರ ಬುಡದ ಬಿಲ್ಲೆಯ ನಡುವೆ ಪಿಸ್ತೂಲಿನ ಸೂಜಿ ಕುಟ್ಟಿದ ಗುಳಿ ಸ್ಪಷ್ಟವಾಗಿತ್ತು. ಪಿಸ್ತೂಲು ತನ್ನ ಕೆಲಸ ಮಾಡಿತ್ತು, ಗುಂಡು ಮಾಡಿರಲಿಲ್ಲ.

ಕೋಲ್ಬಿಗೆ ಇಪ್ಪತ್ತಾರು ವರ್ಷ, ಬಾಯಿಗೆ ಬೀಗವಿಲ್ಲ. "ನನಗೆ ಗೊತ್ತು ಸಾರ್ಜೆಂಟ್, ಇದು ಹೆಂಗಸರು ಮಾಡೋ ತಪ್ಪು. ದಿನಾ ಸಾಯಂಕಾಲ ಗುಂಡು ತೆಗೆದಿಡೋದು, ಬೆಳಿಗ್ಗೆ ಅದನ್ನೇ ಮತ್ತೆ ಏರಿಸೋದು. ತಲೆಗೆ ಏಟು ಬಿದ್ದು ಬಿದ್ದು ಗುಂಡಿನ ಮೂತಿ ಹಿತ್ತಾಳೆ ಕೋಶದೊಳಗೆ ಕುಸಿಯುತ್ತೆ."

"ನೀನು ದಿನಾ ಮಾಡೋದೂ ಅದೇ ಅಲ್ವಾ?"

"ನಾನು... ಅದು ಬೇರೆ."

"ಹೂಂ, ಬೇರೆ. ಅಳತೆ ಕಡ್ಡಿ ತಗೊಂಡು ಬಾ."

ಅಳೆದರು. ಪೆಟ್ಟಿಗೆಯಲ್ಲಿ ಮಿಕ್ಕಿದ್ದ ಹನ್ನೆರಡು, ಫ್ರಿಜ್ಜಿನ ಕೆಳಗೆ ಸಿಕ್ಕಿದ್ದೂ ಸೇರಿ ಪಿಸ್ತೂಲಿಗೆ ತುಂಬಿದ್ದ ಎಂಟು, ಇಪ್ಪತ್ತೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅಳತೆಗೆ ಸರಿಯಾಗಿದ್ದವು. ಕಚೇರಿಯ ಶಸ್ತ್ರಾಗಾರದಲ್ಲಿ ಆರು ಗುಂಡು ಹಾಕಿ ನೋಡಿದರು. ಆರಕ್ಕೆ ಆರೂ ಟಿಕ್. ಒಂದನ್ನು ಬಿಚ್ಚಿದಾಗ ಒಳಗೆ ಮದ್ದು ತುಂಬಿತ್ತು, ಕಿಡಿ ಹೊತ್ತಿಸಬೇಕಾದ ಬಿಲ್ಲೆ ಮಾತ್ರ ಸತ್ತಿತ್ತು. ವೆರ್ನಾ ಭೂತಗನ್ನಡಿ ಹಿಡಿದು ಕೋಶದ ಅಂಚು ತಿರುಗಿಸಿದಳು. ಹಿತ್ತಾಳೆಯ ಮೇಲೆ ಸಣ್ಣ ಗೀರು. ಒಮ್ಮೆ ಸಿಡಿದ ಕೋಶವನ್ನು ಪಿಸ್ತೂಲಿನ ಕೊಕ್ಕೆ ಎಳೆದು ಉಗುಳುವಾಗ ಬೀಳುವ ಗೀರು ಅದು. ಇಪ್ಪತ್ತರ ಮೇಲೂ ಇತ್ತು, ರೋಡಾ ಒಮ್ಮೆಯೂ ಪಿಸ್ತೂಲಿಗೆ ಹಾಕದ ಹನ್ನೆರಡರ ಮೇಲೂ.

"ಹೊಸ ಪೆಟ್ಟಿಗೇಲಿ ಎಂಜಲು ಕೋಶ," ಎಂದಳು ವೆರ್ನಾ. "ಇದು ಕಂಪನಿ ತಪ್ಪಲ್ಲ ಕೋಲ್ಬಿ. ಯಾರೋ ಕೂತು, ಪುರುಸೊತ್ತಾಗಿ ಮಾಡಿದ್ದಾರೆ."

ಮಧ್ಯಾಹ್ನ 1:15. ರೋಡಾ ಪೆಟ್ಟಿಗೆ ಕೊಂಡದ್ದು ಓಪಲ್ ಗ್ರೀಲಿಯ ಬಂದೂಕಿನ ಅಂಗಡಿಯಲ್ಲಿ. ಅಂಗಡಿಯ ಹಿಂದೆಯೇ ಗುರಿ ಅಭ್ಯಾಸದ ರೇಂಜು. ಓಪಲ್‌ಗೆ ಎಪ್ಪತ್ತು ದಾಟಿದೆ, ನಾಲಿಗೆ ಮಾತ್ರ ಇನ್ನೂ ಪ್ರಾಯದ್ದು.

"ನನ್ನ ಅಂಗಡೀಲಿ ಖೋಟಾ ಮಾಲಾ? ಏನೇ ವೆರ್ನಾ, ನಿನಗೆ ತಲೆ ನೆಟ್ಟಗಿದೆಯಾ?"

"ಪೆಟ್ಟಿಗೆಗೆ ಸೀಲ್ ಇರುತ್ತಾ?"

"ಎಲ್ಲಿಂದ ಸೀಲು? ರಟ್ಟಿನ ಮುಚ್ಚಳ, ತೆಗೆದರೆ ಬರುತ್ತೆ."

"ಗುಂಡು ಹಾರಲಿಲ್ಲ ಅಂತ ಇದುವರೆಗೆ ಯಾರೂ ದೂರು ತಂದಿಲ್ವಾ?"

"ಹಾರಿಸಿದರೆ ತಾನೇ ದೂರು! ಒಂದೊಂದು ಗುಂಡಿಗೆ ಒಂದೂವರೆ ಡಾಲರು. ರೇಂಜಿಗೆ ಬರೋರೆಲ್ಲ ಅಗ್ಗದ್ದು ಹಾರಿಸ್ತಾರೆ, ಒಳ್ಳೇದನ್ನ ಪಿಸ್ತೂಲಿಗೆ ತುಂಬಿ ಮರೀತಾರೆ. ನೀನೂ ಅಷ್ಟೇ, ನಾನೂ ಅಷ್ಟೇ."

ಮಾತು ನಿಜ. ಇಡೀ ಕೌಂಟಿಯಲ್ಲಿ ಸೊಂಟಕ್ಕೆ, ಕೈಚೀಲಕ್ಕೆ, ಕಾರಿನ ಖಾನೆಗೆ ಪಿಸ್ತೂಲು ಇಟ್ಟುಕೊಳ್ಳದವರು ಕಡಿಮೆ. ಯಾವ ಗುಂಡು ಒಳ್ಳೆಯದೆಂದು ಚರ್ಚ್ ಮೆಟ್ಟಿಲ ಮೇಲೂ ವಾದ ಮಾಡುತ್ತಾರೆ. ಆದರೆ ಜೀವ ಕಾಯಬೇಕಾದ ಆ ಗುಂಡನ್ನು ಒಂದು ಸಲವಾದರೂ ಹಾರಿಸಿ ನೋಡಿದವರು? ದೇವರೇ ಗತಿ! ತಿಜೋರಿಯ ಬೀಗವನ್ನು ಒಮ್ಮೆಯೂ ಎಳೆದು ನೋಡದೆ ನಿಶ್ಚಿಂತೆಯಾಗಿ ಮಲಗುವ ಜನ.

ವೆರ್ನಾಳ ತಲೆಯಲ್ಲಿ ಒಂದು ಪ್ರಶ್ನೆ ಎದ್ದು ಕೂತಿತು. ಯಾರೂ ಹಾರಿಸದ ಗುಂಡಿನ ಖಾಲಿ ಕೋಶಗಳು ನೂರಾರು ಸಂಖ್ಯೆಯಲ್ಲಿ ಯಾರ ಬಳಿ ಇರಲು ಸಾಧ್ಯ?

"ಓಪಲ್, ರೇಂಜಲ್ಲಿ ಈ ದುಬಾರಿ ಗುಂಡನ್ನ ಯಾರು ಹಾರಿಸ್ತಾರೆ?"

"ಎಲ್‌ವುಡ್ ಟ್ಯಾಗರ್ಟ್ ಒಬ್ಬನೇ. ಅವನ ವೇದವಾಕ್ಯ ಗೊತ್ತಲ್ಲ, ಇನ್ನೂರು ಹಾರಿಸಿ ನೋಡದೆ..." ಓಪಲ್‌ಳ ನಾಲಿಗೆ ಅಲ್ಲಿಗೇ ನಿಂತಿತು. ಎಲ್‌ವುಡ್ ಕೂರುತ್ತಿದ್ದದ್ದು ಅವಳದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ, ಮಂಗಳವಾರ ಮತ್ತು ಶನಿವಾರ. ಇವತ್ತು ಮಂಗಳವಾರ, ಅವನು ಬಂದಿರಲಿಲ್ಲ.

ಎಲ್‌ವುಡ್‌ನ ಮಾತು ವೆರ್ನಾಳಿಗೂ ಬಾಯಿಪಾಠ. ಹದಿನೈದು ವರ್ಷದಿಂದ ಕೌಂಟಿಯ ಹೆಂಗಸರಿಗೆ ಪಿಸ್ತೂಲಿನ ಪಾಠ ಹೇಳುತ್ತಿದ್ದವನು ಅವನು. "ಪೆಟ್ಟಿಗೆ ಮೇಲಿನ ಬಣ್ಣದ ಅಕ್ಷರ ನಂಬಬೇಡಿ ಮಕ್ಕಳೇ. ನಿಮ್ಮ ಪಿಸ್ತೂಲಿನ ಗಂಟಲಲ್ಲಿ ಅದು ಸಲೀಸಾಗಿ ಇಳೀಬೇಕು. ನಳಿಗೆ ಕುಳ್ಳಗಿದ್ರೂ ಗುಂಡಿನ ಟೊಳ್ಳು ಮೂತಿ ಮೈಗೆ ತಾಗಿದಾಗ ಅರಳಬೇಕು. ಗೋಡೆ ದಾಟಿ ಪಕ್ಕದ ಮನೆ ತೊಟ್ಟಿಲಿಗೆ ಹೋಗಬಾರದು. ಇನ್ನೂರು ಹಾರಿಸಿ, ಒಂದೂ ಕೈಕೊಡದಿದ್ರೆ ಆಗ ನಂಬಿ." ಕೇಳಿದವರೆಲ್ಲ ತಲೆಯಾಡಿಸುತ್ತಿದ್ದರು. ಯಾರೂ ಇನ್ನೂರು ಹಾರಿಸುತ್ತಿರಲಿಲ್ಲ, ಎಲ್‌ವುಡ್ ಹಾರಿಸಿದ್ದಾನಲ್ಲ ಎಂಬ ಧೈರ್ಯ.

ವೆರ್ನಾ ಕಾರಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಣಕಾಲಿಗೆ ಕಟ್ಟಿದ್ದ ತನ್ನ ಸ್ವಂತ ಪಿಸ್ತೂಲು ತೆಗೆದಳು. ಅದರ ಗುಂಡು ಕೊಟ್ಟವನೂ ಅವನೇ, ಕಳೆದ ಮಾರ್ಚಿನಲ್ಲಿ; ಅವಳ ಗಂಡ ರಾಯ್‌ನನ್ನು ಮಣ್ಣು ಮಾಡಿ ಆಗ ಮೂರು ವಾರವಾಗಿತ್ತು. ಭೂತಗನ್ನಡಿ ಹಿಡಿದಳು. ಕೋಶದ ಅಂಚಿನಲ್ಲಿ ಸಣ್ಣ ಗೀರು. ಏಳು ತಿಂಗಳು ಎಷ್ಟು ಕಳ್ಳರ ಬಾಗಿಲು ಬಡಿದಿದ್ದಳು, ಎಷ್ಟು ಕುಡುಕರ ಮುಂದೆ ನಿಂತಿದ್ದಳು, ಕಾಲಿಗೆ ಈ ಸತ್ತ ಲೋಹ ಕಟ್ಟಿಕೊಂಡು!

ಅಕ್ಟೋಬರ್ 15, ಬುಧವಾರ, 11:30. ರೋಡಾಳ ಫೋನಿಗೆ ಸಂದೇಶ ಬಂತು. ಅಪರಿಚಿತ ನಂಬರು, ಎರಡೇ ಪದ. "ಟಿಕ್. ಟಿಕ್."

"ಅವನಿಗೆ ಗೊತ್ತು ಮೇಡಂ," ರೋಡಾ ಫೋನನ್ನು ವೆರ್ನಾಳ ಮುಂದೆ ಹಿಡಿದಳು. "ನನ್ನ ಹತ್ರ ಇರೋದು ಆಟದ ಸಾಮಾನು ಅಂತ ಗೊತ್ತು. ಈಗ ನಾನು ಯಾವುದನ್ನ ನಂಬಲಿ? ಯಾರನ್ನ ನಂಬಲಿ?"

"ಯಾರನ್ನೂ ನಂಬಬೇಡಿ. ನನ್ನನ್ನೂ ಸಹ. ಬನ್ನಿ."

ಪಕ್ಕದ ಕೌಂಟಿಯಿಂದ ಕೋಲ್ಬಿ ಅದೇ ಕಂಪನಿಯ ಗುಂಡಿನ ಹತ್ತು ಪೆಟ್ಟಿಗೆ ತಂದಿದ್ದ. ಸಂಜೆ 4 ಗಂಟೆಗೆ ಕಚೇರಿಯ ರೇಂಜಿನಲ್ಲಿ ರೋಡಾ ತನ್ನದೇ ಪಿಸ್ತೂಲಿನಲ್ಲಿ ಹಾರಿಸಿದಳು. ಮೊದಲ ಸಲ ಟ್ರಿಗರ್ ಒತ್ತುವಾಗ ಕಣ್ಣು ಮುಚ್ಚಿಕೊಂಡಳು. ಢಂ ಎಂದದ್ದೇ ಅಳುತ್ತ ನಕ್ಕಳು. ನೂರ ಐವತ್ತು ಹಾರಿಸಿದಳು, ಒಂದೂ ಕೈಕೊಡಲಿಲ್ಲ. ಹೆಬ್ಬೆರಳು ಬೊಬ್ಬೆ ಎದ್ದಿತ್ತು.

"ಇನ್ನೂ ಐವತ್ತು," ಎಂದಳು ರೋಡಾ, ಕೋಲ್ಬಿಯ ಕಡೆ ಕೈ ಚಾಚಿ.

ಅದೇ ಸಂಜೆ 6:40ಕ್ಕೆ ಡ್ವೈಟ್ ಸಿಕ್ಕಿಬಿದ್ದ. ರೋಡಾಳ ಮನೆಯ ಹಿಂದಿನ ಕಾಲುದಾರಿಯಲ್ಲಿ, ಮುಖದ ತುಂಬ ಸುಟ್ಟ ಬೊಕ್ಕೆ, ಕೈಯಲ್ಲಿ ಅದೇ ಕಬ್ಬಿಣ. ಕಾದು ಕುಳಿತಿದ್ದ ಇಬ್ಬರು ಡೆಪ್ಯುಟಿಗಳು ಕೋಳ ತೊಡಿಸಿದರು.

ಅಕ್ಟೋಬರ್ 16, ಗುರುವಾರ, ಬೆಳಿಗ್ಗೆ 9:05. ಸರ್ಚ್ ವಾರಂಟ್ ಹಿಡಿದು ವೆರ್ನಾ ಮತ್ತು ಕೋಲ್ಬಿ ಎಲ್‌ವುಡ್ ಟ್ಯಾಗರ್ಟ್‌ನ ಮನೆಗೆ ಹೋದರು. ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಅರವತ್ತೆಂಟರ ಮುದುಕ ಕೆಲಸದ ಮೇಜಿನ ಮುಂದೆ ಕೂತಿದ್ದ. ಗುಂಡು ಮರುತುಂಬುವ ಯಂತ್ರ, ಒರೆಸಿ ಹೊಳೆಯಿಸಿದ ಕೋಶಗಳ ಡಬ್ಬಿ, ಖಾಲಿ ಪೆಟ್ಟಿಗೆಗಳು ಎಲ್ಲವೂ ಕಣ್ಣೆದುರಿಗೇ ಇದ್ದವು.

"ಕಾಫಿ ಇದೆ ವೆರ್ನಾ."

"ಬೇಡ. ಪೆಟ್ಟಿಗೆ ಬದಲಾಯಿಸಿದ್ದು ನೀವೇನಾ?"

"ನಾನೇ."

"ಎಷ್ಟು?"

"ಹನ್ನೊಂದು. ಹನ್ನೊಂದು ಮುಖಾನೂ ನೆನಪಿದೆ."

"ಯಾಕೆ?"

ಎಲ್‌ವುಡ್ ಗೋಡೆಯ ಕಡೆ ನೋಡಿದ. ಅಲ್ಲಿ ಮಗಳು ಕೋರಾಳ ಪಟ ತೂಗುತ್ತಿತ್ತು. ಎರಡು ವರ್ಷದ ಹಿಂದೆ ಅವಳು ತನ್ನ ಕೈಯಾರೆ ಪ್ರಾಣ ಕಳೆದುಕೊಂಡದ್ದು ಊರಿಗೆಲ್ಲ ಗೊತ್ತಿತ್ತು.

"ಪಟ್ಟಣದಲ್ಲಿ ಒಬ್ಬಳೇ ಇರ್ತಾಳೆ ಅಂತ ನಾನೇ ಪಿಸ್ತೂಲು ಕೊಡಿಸ್ದೆ. ನಾಲ್ಕು ತರಹದ ಗುಂಡು ತಂದು ಹೊಡೆದು ಹೊಡೆದು ನೋಡಿ, ಒಂದನ್ನ ಆರಿಸ್ದೆ. ಇನ್ನೂರು ಹಾರಿಸ್ದೆ, ಒಂದೂ ಕೈಕೊಡಲಿಲ್ಲ." ಅವನು ಡಬ್ಬಿಯಿಂದ ಒಂದು ಕೋಶ ತೆಗೆದು ಮೇಜಿನ ಮೇಲೆ ನಿಲ್ಲಿಸಿದ. "ಅವತ್ತೂ ಕೈಕೊಡಲಿಲ್ಲ ವೆರ್ನಾ. ಒಂದು ಸಲ ಟಿಕ್ ಅಂದಿದ್ರೆ... ಒಂದೇ ಒಂದು ಸಲ. ಕೈ ಕೆಳಗಿಳಿಸಿ ನನಗೆ ಫೋನ್ ಮಾಡ್ತಿದ್ದಳು."

ಎಲ್‌ವುಡ್ ಖಾಲಿ ಪೆಟ್ಟಿಗೆಗಳನ್ನು ವೆರ್ನಾಳ ಕಡೆ ಸರಿಸಿದ.

"ಎಲ್ಲರಿಗೂ ಕೊಡಲಿಲ್ಲ. ಕಣ್ಣು ನೋಡಿ ಕೊಟ್ಟೆ. ಆ ನರ್ಸಮ್ಮ ಬಂದಾಗ ಕಣ್ಣು ಕೆಂಪಗಿತ್ತು, ಕೈ ನಡುಗ್ತಿತ್ತು. ಕೋರಾನೇ ಬಂದು ನಿಂತಂಗಾಯ್ತು."

"ಅವಳು ಸಾಯೋಕೆ ಬಂದಿರಲಿಲ್ಲ ಎಲ್‌ವುಡ್. ಬದುಕೋಕೆ ಬಂದಿದ್ದಳು. ಯಾಕಮ್ಮ ಅಳ್ತಿದೀಯ ಅಂತ ಒಂದು ಮಾತು ಕೇಳಬಾರದಿತ್ತಾ?"

ಮುದುಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಕೇಳೋಕೆ ಧೈರ್ಯ ಆಗಲಿಲ್ಲ. ಕೋರಾನ್ನೂ ಕೇಳಿರಲಿಲ್ಲ."

ವೆರ್ನಾಳಿಗೆ ಸಿಟ್ಟು ನೆತ್ತಿಗೇರಿತ್ತು, ಅಳುವೂ ಬಂದಿತ್ತು. ಮಾರ್ಚಿನಲ್ಲಿ ತನ್ನ ಕಣ್ಣಲ್ಲಿ ಅವನು ಏನು ಕಂಡಿದ್ದನೆಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. 10:20ಕ್ಕೆ ವಂಚನೆ ಮತ್ತು ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ ಎಲ್‌ವುಡ್‌ನನ್ನು ಬಂಧಿಸಲಾಯಿತು. ಕೋಳದ ಕೈಯನ್ನು ಮುಂದಕ್ಕೇ ಇಡಿಸಿ, ಕಾರು ಹತ್ತುವಾಗ ಅವನ ತಲೆ ತಾಗದಂತೆ ಕೋಲ್ಬಿ ಅಂಗೈ ಅಡ್ಡ ಹಿಡಿದ.

ಅವನು ಹೇಳಿದ ಹೆಸರುಗಳಿಗೆ ಫೋನು ಹೋಯಿತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ರೋಡಾಳದೂ ವೆರ್ನಾಳದೂ ಸೇರಿ ಹತ್ತು ಪೆಟ್ಟಿಗೆ ವಾಪಸು ಬಂದಿದ್ದವು. ಬಂದವರೆಲ್ಲ ಬೈದು ಹೋದರು, ಬೈಯಬೇಕಾದದ್ದೇ.

ಹನ್ನೊಂದನೆಯದನ್ನು ಸಂಜೆ 4:30ಕ್ಕೆ ತಂದವನು ಲೈಲ್ ಹೆಂಡ್ರಿಕ್, ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಟೋಪಿ ಕೈಯಲ್ಲಿ ಹಿಡಿದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಅವನು ಬೈಯಲಿಲ್ಲ.

ವೆರ್ನಾ ಪೆಟ್ಟಿಗೆಯೊಳಗಿನ ತಟ್ಟೆ ಎಳೆದು ಎಣಿಸಿದಳು. ಹತ್ತೊಂಬತ್ತು ಗುಂಡುಗಳ ಬುಡ ನಯವಾಗಿತ್ತು. ಇಪ್ಪತ್ತನೆಯದರ ಬುಡದ ನಡುವೆ ಸೂಜಿ ಕುಟ್ಟಿದ ಗುಳಿ ಇತ್ತು.

"ರೇಂಜಿಗೆ ಹೋಗಿದ್ರಾ ಲೈಲ್?"

"ಇಲ್ಲಮ್ಮ." ಅವನು ನೆಲ ನೋಡುತ್ತಿದ್ದ. "ಜುಲೈನಲ್ಲಿ. ಮನೇಲೇ. ರಸೀದಿ ಕೊಟ್ರೆ ಹೊರಡ್ತೀನಿ."

ವೆರ್ನಾ ರಸೀದಿ ಪುಸ್ತಕ ಮುಚ್ಚಿಟ್ಟಳು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿದಳು. ಇನ್ನೊಂದು ಕುರ್ಚಿಯನ್ನು ಅವನ ಪಕ್ಕಕ್ಕೇ ಎಳೆದುಕೊಂಡು ಕೂತಳು.

"ನನಗೇನೂ ಅವಸರ ಇಲ್ಲ," ಎಂದಳು. "ಜುಲೈನಲ್ಲಿ ಏನಾಯ್ತು, ಹೇಳಿ."