ಹುಲುಗಮ್ಮನ ಮನೆಯ ಕೊನೆಯ ಎಲೆ

ವರ್ಷಕ್ಕಾಗುವಷ್ಟು ಶಾವಿಗೆ — ಅಷ್ಟರ ಮೇಲೂ ಸೀಮೆಎಣ್ಣೆ!

ನಾನೂ ಜಂಬಣ್ಣನೂ ಬಳ್ಳಾರಿಯಿಂದ ಜಟಕಾದಲ್ಲಿ ಕುರುಗೋಡಿಗೆ ಬಂದಿಳಿದಾಗ ಹುಲುಗಮ್ಮ ಅಂಗಳದಲ್ಲಿ ಎದೆ ಬಡಿದುಕೊಂಡು ಅಳುತ್ತಿದ್ದಳು. ಕೋಲಿನ ಮೇಲೆ ಒಣಹಾಕಿದ್ದ ಎಳೆಗಳಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅವಳ ಊಟದಂಗಡಿ ನಿಂತಿದ್ದದ್ದೇ ಆ ಶಾವಿಗೆಯ ಮೇಲೆ. ಅವಳ ತೀರಿಹೋದ ಮೈದುನನ ಹೆಂಡತಿ, ನೆಗೆಣ್ಣಿ ಪಾರಮ್ಮ ಬಟ್ಟೆಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇಕೀನ ಮಾಡ್ಯಾಳ! ನಾ ನೀರಿಗೆ ಹೋದಾಗ ಮನ್ಯಾಗ ಇಕಿ ಒಬ್ಬಾಕೀನ ಇದ್ಲು. ಇವತ್ತ ಮನಿ ಬಿಟ್ಟು ನಡೀಲಿ!"

"ನಾ ಹಿತ್ತಲದಾಗ ಜ್ವಾಳ ಬೀಸಾಕ ಕುಂತಿದ್ದೆ ಅಕ್ಕಾ! ನಾ ಎಲ್ಲಿಗೆ ಹೋಗ್ಲಿ?"

ನಾನು ವೆಂಕಟೇಶರಾಯ, ಬಳ್ಳಾರಿಯಲ್ಲಿ ವಾರಪತ್ರಿಕೆ ನಡೆಸುವವನು. ಕೆಲವು ತಿಂಗಳಿಂದ 'ಹಸಿದವ' ಎಂಬ ಹೆಸರಿನಲ್ಲಿ ಯಾರೋ ನನಗೆ ಬರಹ ಕಳಿಸುತ್ತಿದ್ದ. ಯಾರೂ ಕೇಳಿರದ ಊಟದಂಗಡಿಗಳನ್ನು ಹುಡುಕಿ, ಅಲ್ಲಿನ ರುಚಿಯ ಬಗ್ಗೆ ಮುಲಾಜಿಲ್ಲದೆ ಬರೆಯುತ್ತಿದ್ದ. ಸಿರುಗುಪ್ಪದ ಒಂದು ಅಂಗಡಿಯ ಸಾರನ್ನು ಹೊಳೆನೀರು ಎಂದು ಜರೆದವನು ಹುಲುಗಮ್ಮನ ಹುರುಳಿ ಸಾರಿನ ಶಾವಿಗೆಯನ್ನು ಬಾಯಿತುಂಬ ಹೊಗಳಿದ್ದ. ಈ ಪುಣ್ಯಾತ್ಮನನ್ನು ಪತ್ತೆಮಾಡಿ ಶಾಲು ಹೊದಿಸಬೇಕೆಂಬ ಹುಚ್ಚು ನನಗೆ. ಅದಕ್ಕೇ ಹಳೆಯ ಪೊಲೀಸ್ ಜಮೇದಾರ ಜಂಬಣ್ಣನನ್ನು ಎಳೆತಂದಿದ್ದೆ.

ಜಂಬಣ್ಣ ಒಳಹೊಕ್ಕ. ಮೂಲೆಯಲ್ಲೊಂದು ಉಂಡ ಎಲೆ. ನಾನೂ ಬಗ್ಗಿ ನೋಡಿದೆ — ಉಂಡ ಎಲೆ, ಇನ್ನೇನು?

"ಇಲ್ಲಿ ಯಾರು ಉಂಡ್ರವ್ವಾ?"

"ಜೋಗಪ್ಪಣ್ಣ. ಸಿರುಗುಪ್ಪದ ಬಟ್ಟಿ ವ್ಯಾಪಾರಿ," ಎಂದಳು ಹುಲುಗಮ್ಮ ಅಂಗಳದಿಂದಲೇ. "ಯಾವಾಗ್ಲೂ ಗ್ವಾಡಿ ಕಡಿ ಮಖ ಮಾಡಿ ಉಣ್ತಾನ್ರಿ. ದೇವರಂಥವ, ಅವನ ಮ್ಯಾಲ ಅನುಮಾನ ಬ್ಯಾಡ್ರಿ. ಅವ ಉಣ್ಣಾಕತ್ತಾಗ ನಾ ನೀರಿಗೆ ಹೋದೆ."

"ತಲಿಗೆ ಏನು ಸುತ್ತತಾನ?"

"ರುಮಾಲು. ಒಮ್ಮೀನೂ ತೆಗದಿಲ್ರಿ."

ಜಂಬಣ್ಣ ನನ್ನನ್ನು ಮೂಲೆಗೆ ಕರೆದು ದನಿ ತಗ್ಗಿಸಿದ.

"ರಾಯರ, ಇಲ್ಲಿಗೆ ಬರೋದನ್ನ ಪತ್ರಿಕ್ಯಾಗ ಹಾಕಿದ್ರೇನು?"

"ಇನ್ನೂ ಇಲ್ಲ."

"ಯಾರ ಮುಂದ ಹೇಳಿದ್ರಿ?"

"ನಿನ್ನೆ ಊಟಕ್ಕ ಕೂತಾಗ ತಮ್ಮ ಅನಂತನ ಮುಂದ ಅಷ್ಟೇ. ಐತವಾರ ಹೋಗ್ತೀನಿ ಅಂದಿದ್ದೆ. ತಡೀಲಾರದೆ ಇವತ್ತೇ ಹೊರಟೆ. ಯಾಕ?"

"ಅನಂತರಾಯ್ರು ಎಲ್ಲಿ ಅದಾರ?"

"ಕಚೇರಿ ಕೆಲಸಕ್ಕ ಮೋಕಾ ಊರಿಗೆ ಹೋಗ್ತೀನಂತ ನಸುಕಿನಾಗ ಹೋದ."

ಜಂಬಣ್ಣ ನಿಟ್ಟುಸಿರುಬಿಟ್ಟ. "ಎಲಿ ಬಲಕ್ಕ ನೋಡ್ರಿ."

ನೆಲದ ಮೇಲೆ ಶಾವಿಗೆಯ ಚೂರುಗಳು, ಸಾಲಾಗಿ. ಎಲೆಯ ಸುತ್ತ ನೀರಿನ ಗೆರೆ. ಅಯ್ಯೋ, ಚಿತ್ರಾಹುತಿ! ಉಣ್ಣುವ ಮೊದಲು ಎಲೆಗೆ ನೀರು ಸುತ್ತಿ ಬಲಕ್ಕೆ ಚೂರಿಡುವುದು ನಮ್ಮ ಬ್ರಾಹ್ಮಣರ ರೂಢಿ. ಮನೆಯಲ್ಲಿ ದಿನಾ ಕಾಣುವುದಾದ್ದರಿಂದಲೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಥೂ ನನ್ನ ಕಣ್ಣೇ!

"ಹೆಸರು ಬದಲಿಸ್ಯಾರ, ಜುಟ್ಟು ಕಾಣಬಾರದಂತ ರುಮಾಲು ಸುತ್ಯಾರ. ಕೈ ಮಾತ್ರ ರೂಢಿ ಬಿಟ್ಟಿಲ್ಲ," ಎಂದ ಜಂಬಣ್ಣ. "ನೀವು ಬರೋದು ಗೊತ್ತಿದ್ದದ್ದು ಅನಂತರಾಯ್ರಿಗೆ ಒಬ್ಬರಿಗೇ; ನಿಮ್ಮ ಹಸಿದವ ಅವ್ರ. ನೀವು ಬಂದು ಕೇಳಿದ್ರ ಹುಲುಗಮ್ಮ ಗುರುತು ಹೇಳ್ತಾಳ, ಇಲ್ಲಿ ಉಂಡದ್ದಕ್ಕ ಜಾತಿಯಿಂದ ಹೊರಗ ಹಾಕ್ತಾರ. ಐತವಾರದೊಳಗ ಅಂಗಡಿ ಮುಚ್ಚಿದ್ರ ನೀವು ಬರೋದು ತಪ್ಪತೈತಿ ಅಂತ ಎಣ್ಣಿ ಸುರದಾರ."

ಹೊರಗೆ ಬಂದು ಕೇಳಿದೆ: "ಹುಲುಗಮ್ಮಾ, ಅವನ ಎಡಗಣ್ಣಿನ ಕೆಳಗ ಮಚ್ಚಿ ಅದ ಏನು?"

"ಹೌದ್ರಿ, ಐತಿ. ನಿಮಗ ಹೆಂಗ ಗೊತ್ತು?"

ಅನಂತನ ಮಗಳ ಮದುವೆ ನಿಶ್ಚಯವಾಗಿತ್ತು. ಹೆಸರು ಹೊರಬಿದ್ದರೆ ಅದು ಮುರಿಯುತ್ತದೆ, ನಮ್ಮ ಮನೆಗೆ ಬಹಿಷ್ಕಾರ. ಜಂಬಣ್ಣ ನೆಲ ನೋಡುತ್ತ ನಿಂತ. "ಹೇಳೋದು ನಿಮಗ ಬಿಟ್ಟದ್ದು, ರಾಯರ."

ಪಾರಮ್ಮ ಗಂಟು ಹೊತ್ತು ಅಂಗಳ ದಾಟುತ್ತಿದ್ದಳು.

"ನಿಲ್ಲವ್ವಾ!" ಎಂದೆ. "ನಿಂದೇನೂ ತಪ್ಪಿಲ್ಲ. ಎಣ್ಣಿ ಸುರಿದವ ಆ ಜೋಗಪ್ಪ. ಅವ ಸಿರುಗುಪ್ಪದವ ಅಲ್ಲ — ನನ್ನ ಒಡಹುಟ್ಟಿದ ತಮ್ಮ, ಅನಂತ."

ಹುಲುಗಮ್ಮ ಎದ್ದುಹೋಗಿ ಪಾರಮ್ಮನ ಗಂಟು ಕಿತ್ತುಕೊಂಡು ಒಳಗಿಟ್ಟಳು. ತಿರುಗಿ ಬಂದು ಮೂಲೆಯ ಆ ಎಲೆ ಎತ್ತಿದಳು.

"ನಮ್ಮ ಮನಿ ಊಟ ಅಂದ್ರ ಜೀವ ಬಿಡ್ತಿದ್ದ," ಎಂದಳು. "ಇನ್ನ ಅವ ಎಲ್ಲಿ ಉಣ್ತಾನ್ರಿ?"