ಬೀಳಲು ಬಾರದ ಹೇಮಲೇಖೆ

೧೯೮೭ರ ಅಕ್ಟೋಬರ್ ೧೧, ಭಾನುವಾರ. ನನ್ನ ಡೈರಿಯಲ್ಲಿ ಹೀಗಿದೆ: "ಮ್ಯಾಟಿನಿಗೆ ಹೋಗಿದ್ದೆವು. ನಾಯಕಿ ಇಪ್ಪತ್ತು ಜನರನ್ನು ಹೊಡೆದಳು. ಮುಡಿದ ಹೂವೂ ಬಾಡಲಿಲ್ಲ."

ಕಡಲೆಕಾಯಿ ಬಿಡಿಸುತ್ತ ನಡೆದು ಬರುವಾಗ ನಾದಿನಿ ವಿಶಾಲುಗೂ ನನಗೂ ವಾದ ಹತ್ತಿತು. ಈಗ ಆ ಟಾಕೀಸೂ ಇಲ್ಲ, ವಿಶಾಲೂ ಇಲ್ಲ. ಅವಳ ದನಿ ಮಾತ್ರ ಕಿವಿಯಲ್ಲಿದೆ.

"ಗಂಡಸು ಐವತ್ತು ಜನಕ್ಕೆ ಹೊಡೆದರೆ ಶಿಳ್ಳೆ. ಹೆಣ್ಣು ಹೊಡೆದರೆ ಮಾತ್ರ ನಿಮಗೆ ತಕರಾರಾ ಅತ್ತಿಗೆ?"

"ಹೊಡೀಲಿ ಕಣೆ. ಒಂದು ಸಲ ಬೀಳಬಾರದಾ? ಬಿದ್ದಿದ್ದರೆ ನನ್ನ ಜೀವ ಬಾಯಿಗೆ ಬರ್ತಿತ್ತು. ಇವತ್ತು ಬರೀ ಆಕಳಿಕೆ ಬಂತು."

ನಡುವೆ ಮಗಳು ಮಾಲಿನಿ ಕೇಳಿದಳು: "ಬಿದ್ದರೆ ಸೋತ ಹಾಗಲ್ವೇನಮ್ಮ?" ಆ ಸಂಜೆ ಅವಳಿಗೆ ಹೇಳಿದ ಕತೆ ಇದು.

ಬಹಳ ಹಿಂದೆ, ಏಳು ಬೆಟ್ಟದಾಚೆ ಕೆಂಗಿರಿ ಎಂಬ ರಾಜ್ಯವಿತ್ತು. ಇಂಪಾಗಿ ಹಾಡುವ ರಾಣಿ ಗುಣಮಾಲೆಗೆ ಒಬ್ಬಳೇ ಮಗಳು, ಹೇಮಲೇಖೆ. ತೊಟ್ಟಿಲ ಬಳಿ ಧೂಮಕೇಶನೆಂಬ ಮಾಂತ್ರಿಕ ಬಂದ. "ನನ್ನ ಮಗಳು ಎಂದೂ ಬೀಳಬಾರದು" ಎಂದು ರಾಣಿ ವರ ಕೇಳಿದಳು. "ಆಗಲಿ. ಬೆಲೆ ಆಮೇಲೆ ಕೇಳುತ್ತೇನೆ" ಎಂದ.

ಹೇಮಲೇಖೆ ಎಡವದೆ ನಡೆದಳು, ಕಲಿಯದೆ ಕತ್ತಿ ಬೀಸಿದಳು. ಅವಳು ಬೆಳೆದ ಮೇಲೆ ಮಾಂತ್ರಿಕ ಮತ್ತೆ ಬಂದ. "ವರದ ಬೆಲೆ ನೀನೇ" ಎಂದು ರಾಣಿಯನ್ನು ಹೊತ್ತೊಯ್ದು ಕಬ್ಬಿಣದ ಕೋಟೆಯಲ್ಲಿಟ್ಟ.

ಮಗಳು ತಾಯಿಯನ್ನು ತರಲು ಹೊರಟಳು. ಊರ ಜನವೂ ನೋಡಲು ಹಿಂದೆ ಹೊರಟರು. ಮೊದಲ ಬಾಗಿಲಲ್ಲಿ ಬೆಂಕಿ ಕಾರುವ ಕೋಣ. ಕೊಂಬು ಹಿಡಿದು ಎಸೆದಳು. ಜನ "ಭಲೇ!" ಎಂದರು. ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಹಾವು. ಹೆಡೆಗಳನ್ನು ಜಡೆಯಂತೆ ಹೆಣೆದು ಬಿಸಾಡಿದಳು. ಜನ "ಗೊತ್ತೇ ಇತ್ತು ಬಿಡಿ" ಎಂದು ಬುತ್ತಿ ಬಿಚ್ಚಿ ಕೂತರು.

ಮೂರನೆಯ ಬಾಗಿಲಲ್ಲಿ ಧೂಮಕೇಶನೇ ನಿಂತಿದ್ದ. "ಕೊಟ್ಟವನೂ ನಾನೇ, ಕಿತ್ತುಕೊಳ್ಳುವವನೂ ನಾನೇ" ಎಂದು ಚಿಟಿಕೆ ಹೊಡೆದ. ವರ ಹೋಯಿತು. ಒಂದೇ ಏಟಿಗೆ ಹೇಮಲೇಖೆ ಮುಖ ಅಡಿಯಾಗಿ ಬಿದ್ದಳು. ಬುತ್ತಿ ತಿನ್ನುತ್ತಿದ್ದವರ ಕೈ ಅಲ್ಲೇ ನಿಂತಿತು.

ಎದ್ದಳು. ಮತ್ತೆ ಬಿದ್ದಳು. ಈ ಸಲ ಭುಜ ಮುರಿಯಿತು.

"ಅಮ್ಮಾ, ನನಗೆ ಬೀಳೋಕೆ ಬರಲ್ಲ!"

ಮೇಲಿನ ಕಿಟಕಿಯಿಂದ ರಾಣಿ ಕೂಗಿದಳು. "ಬೀಳೋದನ್ನ ನಾನೇ ಕಲಿಸಲಿಲ್ಲ ಕಣೇ! ನಮ್ಮ ತವರಿನ ಗರಡಿಯಲ್ಲಿ ಅದೇ ಮೊದಲ ಪಾಠ. ಗದ್ದ ಎದೆಗೆ ಒತ್ಕೋ! ಉಸಿರು ಬಿಡು! ಕೈ ಊರಬೇಡ, ಉರುಳು!"

ಬಂಡೆ ಬಿರಿಯುವ ಹಾಗೆ ಕೂಗಿದಳು. ಮೂರನೆಯ ಏಟಿಗೆ ಹೇಮಲೇಖೆ ಚೆಂಡಿನಂತೆ ಉರುಳಿದಳು. ಉರುಳುತ್ತಲೇ ಮಾಂತ್ರಿಕನ ಕಾಲು ಹಿಡಿದು ಎಳೆದಳು. ಅವನೂ ಎಂದೂ ಬಿದ್ದವನಲ್ಲ. ದಬ್ಬನೆ ಬಿದ್ದ, ಹಸಿ ಮಡಕೆಯಂತೆ ಒಡೆದು ಬೂದಿಯಾದ. ಕೋಟೆ ಕರಗಿತು.

ತಾಯಿ ಮಗಳು ನಡೆದೇ ಊರು ಸೇರಿದರು, ಬಹುಕಾಲ ನಗುನಗುತ್ತ ಬಾಳಿದರು.

ಇದಕ್ಕೆ ತೆತ್ತದ್ದು ಇಷ್ಟು: ಹೇಮಲೇಖೆಯ ಮುಂದಿನ ಎರಡು ಹಲ್ಲು. ಹೆಗಲಿನಿಂದ ಮೇಲೆ ಏಳದಾದ ಬಲಗೈ. ರಾಣಿಯ ಹಾಡುವ ಕಂಠ; ಅಂದು ಕೂಗಿ ಒಡೆದದ್ದು ಮತ್ತೆ ಕೂಡಲಿಲ್ಲ.